ದೀಪದ ಊರು, ದಾಖಲೆಯ ಊರು

ನಮ್ಮ ಕಂದಾಯ ಇಲಾಖೆಯ ಕಡತಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತೊಂದಿದೆ. ಫಾರ್ಸಿಯ ‘ಬೇ ಚಿರಾಗ್’ ನಮ್ಮ ಶಾನುಭೋಗರ, ತಲಾಟಿಗಳ ಬಾಯಲ್ಲಿ ಸವೆದು ಹೀಗಾಗಿದೆ. ಚಿರಾಗ್ ಎಂದರೆ ದೀಪ. ಬೇ ಚಿರಾಗ್ ಎಂದರೆ ದೀಪವಿಲ್ಲದ್ದು. ಆ ಗ್ರಾಮಕ್ಕೆ ಹೆಸರಿದೆ, ಎಲ್ಲೆಕಲ್ಲುಗಳಿವೆ, ಸರ್ವೆ ನಂಬರುಗಳಿವೆ, ಹೊಲಗಳಿಗೆ ಪಹಣಿಯೂ ಇದೆ. ಆದರೆ ಸಂಜೆಯಾದರೆ ದೀಪ ಹಚ್ಚಲು ಅಲ್ಲಿ ಒಬ್ಬ ಮನುಷ್ಯನೂ ಇಲ್ಲ. 2011ರ ಜನಗಣತಿ ಲೆಕ್ಕಕ್ಕೆ ತೆಗೆದುಕೊಂಡ ಕರ್ನಾಟಕದ 29,340 ಗ್ರಾಮಗಳಲ್ಲಿ 1,943 ಗ್ರಾಮಗಳು ಇಂಥವು.

ಇದಕ್ಕೆ ಎದುರಾದ ಇನ್ನೊಂದು ಚಿತ್ರವೂ ನಮ್ಮ ನಾಡಿನಲ್ಲಿದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆ ಲಂಬಾಣಿ ತಾಂಡಾಗಳು; ತುಮಕೂರು, ಚಿತ್ರದುರ್ಗದ ಕಡೆ ಗೊಲ್ಲರಹಟ್ಟಿಗಳು; ಕೊಡಗು, ಮೈಸೂರಿನ ಕಾಡಂಚಿನಲ್ಲಿ ಹಾಡಿಗಳು; ತುಂಗಭದ್ರಾ ಕಾಲುವೆಯ ಉದ್ದಕ್ಕೂ ಕ್ಯಾಂಪುಗಳು. ಇಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ಜನ ಬದುಕಿದ್ದಾರೆ. ಮಕ್ಕಳು ಹುಟ್ಟಿದ್ದಾರೆ, ಮದುವೆಗಳಾಗಿವೆ, ಹಿರಿಯರು ಮಣ್ಣಾಗಿದ್ದಾರೆ. ಆದರೂ ಇವುಗಳಲ್ಲಿ ಎಷ್ಟೋ ತಾಣಗಳು ದಶಕಗಳ ಕಾಲ ಸರಕಾರದ ಕಾಗದದಲ್ಲಿ ಊರುಗಳಾಗಿರಲಿಲ್ಲ. ಪಕ್ಕದ ಯಾವುದೋ ಗ್ರಾಮದ ಸರ್ವೆ ನಂಬರಿನ ಮೇಲೆ ಕೂತ ಒಂದಷ್ಟು ಮನೆಗಳಾಗಿದ್ದವು, ಅಷ್ಟೇ.

ಜನರಿಲ್ಲದ್ದು ಗ್ರಾಮವಾಯಿತು, ಜನರಿದ್ದದ್ದು ಗ್ರಾಮವಾಗಲಿಲ್ಲ. ಕಚೇರಿಯ ಎಡವಟ್ಟು ಎಂದು ನಕ್ಕು ಬಿಟ್ಟುಬಿಡುವಷ್ಟು ಸಣ್ಣ ವಿಷಯವೇ ಇದು? ನಮಗೆ ಹಾಗೆ ತೋರುವುದಿಲ್ಲ. ಊರು ಎಂದರೆ ಏನು, ಅದನ್ನು ನಿರ್ಧರಿಸುವವರು ಯಾರು, ಆ ನಿರ್ಧಾರದ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗಳು ಇದರ ಹಿಂದಿವೆ.

ನೆಲದ ಲೆಕ್ಕ, ಜನರ ಲೆಕ್ಕ

ಆಡಳಿತದ ದೃಷ್ಟಿಯಲ್ಲಿ ಗ್ರಾಮ ಎಂದರೆ ಮೊದಲಿನಿಂದಲೂ ನೆಲ. ಎಷ್ಟು ಭೂಮಿ, ಎಂಥ ಭೂಮಿ, ಎಷ್ಟು ಕಂದಾಯ ಎಂಬುದರ ಸುತ್ತ ಕಟ್ಟಿದ ಲೆಕ್ಕ ಅದು. ನಾವು ಇಂದಿಗೂ ಬಳಸುವ ಪದಗಳೇ ಇದನ್ನು ಹೇಳುತ್ತವೆ. ಹಳೆಯ ಪತ್ರಗಳಲ್ಲಿ ಊರ ಹೆಸರಿನ ಹಿಂದೆ ಬರುವ ‘ಮೌಜೆ’ ಎಂಬುದು ಅರಬಿಯಿಂದ ಬಂದದ್ದು. ಜಾಗ ಎಂದಷ್ಟೇ ಅದರ ಅರ್ಥ. ದೊಡ್ಡ ಗ್ರಾಮಕ್ಕೆ ಸೇರಿದ ಸಣ್ಣ ಹಳ್ಳಿಯನ್ನು ‘ಮಜರೆ’ ಎನ್ನುತ್ತೇವೆ. ಅರಬಿಯಲ್ಲಿ ಅದರ ಮೂಲ ಬಿತ್ತನೆಯ ನೆಲ. ಜನ ವಾಸಿಸುವ ಭಾಗಕ್ಕೆ ಪ್ರತ್ಯೇಕವಾಗಿ ‘ಗ್ರಾಮಠಾಣಾ’ ಎಂದು ಗುರುತು ಹಾಕಿದರು. ಅದರ ಒಳಗೆ ಮನೆ ಕಟ್ಟಿದವನು ಊರಿನವನು. ಹೊರಗೆ ಕಟ್ಟಿದವನು ಹೊಲದಲ್ಲೋ ಗೋಮಾಳದಲ್ಲೋ ಕಾಡಿನಲ್ಲೋ ‘ಅನಧಿಕೃತ’ವಾಗಿ ಇರುವವನು.

ಜನರು ತಾವೇ ಇಟ್ಟ ಹೆಸರುಗಳು ಬೇರೆಯೇ ಕತೆ ಹೇಳುತ್ತವೆ. ದೊಡ್ಡಿ ಎಂದರೆ ದನ ಕೂಡುವ ಜಾಗ. ಪಾಳ್ಯ ಎಂದರೆ ದಂಡು ಬೀಡುಬಿಟ್ಟ ಸ್ಥಳ. ಮೊಹಲ್ಲಾ ಎಂಬುದರ ಮೂಲದಲ್ಲಿ ಪಯಣಿಗರು ಇಳಿದು ತಂಗಿದ ತಾಣ ಎಂಬ ಅರ್ಥವಿದೆ. ತಾಂಡಾ ಎಂದರೆ ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸೀಮೆಯಿಂದ ಸೀಮೆಗೆ ಸಾಗುತ್ತಿದ್ದ ಬಂಜಾರರ ಗುಂಪು. ನಡೆಯುತ್ತಿದ್ದ ಗುಂಪಿನ ಹೆಸರೇ ಅವರು ನೆಲೆ ನಿಂತ ಮೇಲೆ ನೆಲೆಯ ಹೆಸರೂ ಆಯಿತು. ಇಂದು ಬೆಂಗಳೂರಿನಲ್ಲಿ ಪಾಳ್ಯ ಎಂದು ಕೊನೆಗೊಳ್ಳುವ ಬಡಾವಣೆಗಳಲ್ಲಿ ನಿವೇಶನದ ಬೆಲೆ ಕೋಟಿಗಳಲ್ಲಿದೆ. ಅವುಗಳ ಹೆಸರಿನಲ್ಲಿ ಮಾತ್ರ ಹಳೆಯ ತಾತ್ಕಾಲಿಕ ಬೀಡಾರದ ನೆನಪು ಉಳಿದಿದೆ. ‘ಇದು ತಾತ್ಕಾಲಿಕ, ಆದ್ದರಿಂದ ಇದು ಊರಲ್ಲ’ ಎನ್ನುವವರು ಇಂಥ ಹೆಸರುಗಳನ್ನೊಮ್ಮೆ ಕಿವಿಗೊಟ್ಟು ಕೇಳಬೇಕು.

ಹಳೆಯ ಮೈಸೂರು ಸೀಮೆಯಲ್ಲಿ ಜನಗಣತಿಯನ್ನು ‘ಖಾನೇಸುಮಾರಿ’ ಎನ್ನುತ್ತಿದ್ದರು. ಖಾನೆ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ. ಮನೆಗಳನ್ನು ಎಣಿಸಿದರೆ ಜನರನ್ನು ಎಣಿಸಿದಂತೆ ಎಂಬ ನಂಬಿಕೆ ಆ ಪದದಲ್ಲೇ ಇದೆ. ಮನೆಯೇ ಇಲ್ಲದವನನ್ನು ಹೇಗೆ ಎಣಿಸುವುದು ಎಂಬ ತೊಡಕೂ ಅದರಲ್ಲೇ ಇದೆ.

ಅಂಕಿಗಳ ಅಳತೆಗೋಲು

ಇಂದಿನ ರಾಜ್ಯವು ನೆಲವನ್ನಷ್ಟೇ ನೋಡುವುದಿಲ್ಲ, ಜನಸಂಖ್ಯೆಯನ್ನೂ ನೋಡುತ್ತದೆ ಎನ್ನಬಹುದು. ನಿಜ. ಆದರೆ ಅಂಕಿಗಳಿಗೂ ತಮ್ಮದೇ ಆದ ಕುರುಡಿದೆ.

ಎಷ್ಟು ಮನೆ ಸೇರಿದರೆ ಊರು? ಡೆನ್ಮಾರ್ಕ್ ಮತ್ತು ಸ್ವೀಡನ್ ದೇಶಗಳ ಅಂಕಿಅಂಶ ಇಲಾಖೆಗಳು ಒತ್ತಾಗಿ ನೆಲೆಸಿದ 200 ಜನರನ್ನು ಪಟ್ಟಣ ವರ್ಗಕ್ಕೆ ಸೇರಿಸುತ್ತವೆ. ಮನೆಯಿಂದ ಮನೆಗೆ ಇರುವ ದೂರ 200 ಮೀಟರು ಮೀರಬಾರದು ಎಂಬುದು ಅಲ್ಲಿನ ರೂಢಿ. 2020ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗವು ಒಪ್ಪಿದ ವಿಧಾನದ ಪ್ರಕಾರ ನಗರ ಎನಿಸಿಕೊಳ್ಳಲು ಕನಿಷ್ಠ 50,000 ಜನ ಮತ್ತು ಚದರ ಕಿಲೋಮೀಟರಿಗೆ 1,500 ಜನರ ಸಾಂದ್ರತೆ ಬೇಕು. ಭಾರತದ ಜನಗಣತಿಯು 2011ರಲ್ಲಿ ಮೂರು ಷರತ್ತುಗಳನ್ನಿಟ್ಟಿತ್ತು: 5,000 ಜನ, ಚದರ ಕಿಲೋಮೀಟರಿಗೆ 400 ಜನ, ಹಾಗೂ ದುಡಿಯುವ ಗಂಡಸರಲ್ಲಿ ಶೇಕಡ 75 ಮಂದಿ ಬೇಸಾಯದ ಹೊರಗಿನ ಕಸುಬಿನಲ್ಲಿರಬೇಕು. ಈ ಷರತ್ತುಗಳನ್ನು ಪೂರೈಸಿ, ಆದರೆ ಪುರಸಭೆಯಾಗದೆ ಉಳಿದ ‘ಜನಗಣತಿ ಪಟ್ಟಣ’ಗಳು 2001ರಲ್ಲಿ 1,362 ಇದ್ದವು, 2011ರಲ್ಲಿ 3,800ನ್ನು ಮೀರಿದವು. ಗಣತಿಯ ಪುಸ್ತಕದಲ್ಲಿ ಅವು ಪಟ್ಟಣ, ಆಡಳಿತದಲ್ಲಿ ಗ್ರಾಮ ಪಂಚಾಯತ್. ಚರಂಡಿ ಯಾರು ಮಾಡಿಸಬೇಕು, ಕಸ ಯಾರು ಎತ್ತಬೇಕು ಎಂಬ ಜಗಳಕ್ಕೆ ಅಲ್ಲಿ ಕೊನೆಯಿಲ್ಲ.

ಮೂರನೆಯ ಷರತ್ತನ್ನು ಮತ್ತೊಮ್ಮೆ ಓದೋಣ. ದುಡಿಯುವ ಗಂಡಸರು. ನಮ್ಮ ಕರಾವಳಿಯ ಎಷ್ಟೋ ಊರುಗಳಲ್ಲಿ ದಶಕಗಳ ಕಾಲ ಮನೆ ನಡೆಸಿದ್ದು ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ ಹೆಣ್ಣುಮಕ್ಕಳು. ಮುಸ್ಲಿಮ್, ಬಿಲ್ಲವ, ಮೊಗವೀರ ಎಂಬ ಭೇದವಿಲ್ಲದೆ ಅವರ ಬೆರಳುಗಳು ದುಡಿದವು. ಆದರೆ ತಮ್ಮ ಊರು ಹಳ್ಳಿಯೋ ಪೇಟೆಯೋ ಎಂದು ತೀರ್ಮಾನಿಸುವ ಲೆಕ್ಕದಲ್ಲಿ ಅವರ ದುಡಿಮೆಗೆ ಜಾಗವಿರಲಿಲ್ಲ. ವರ್ಗೀಕರಣ ಎಂಬುದು ಕಣ್ಣಿಗೆ ಕಂಡದ್ದನ್ನು ಇದ್ದ ಹಾಗೆ ಬರೆದುಕೊಳ್ಳುವ ಕೆಲಸವಷ್ಟೇ ಎಂದು ನಂಬುವವರಿಗೆ ಈ ಒಂದು ಪದ ಸಾಕು. ಯಾರನ್ನು ನೋಡಬೇಕು ಎಂದು ಮೊದಲೇ ತೀರ್ಮಾನಿಸಿ ನಂತರ ನೋಡುತ್ತೇವೆ.

‘ದೀಪ’ದ ವಿಷಯದಲ್ಲೇ ಇನ್ನೊಂದು ನಿದರ್ಶನವಿದೆ. ‘ವಿದ್ಯುದೀಕರಣಗೊಂಡ ಗ್ರಾಮ’ ಎಂದರೆ ಯಾವುದು? 1997ರವರೆಗೆ ಗ್ರಾಮದ ಕಂದಾಯ ಎಲ್ಲೆಯೊಳಗೆ ಯಾವ ಉದ್ದೇಶಕ್ಕಾದರೂ ವಿದ್ಯುತ್ ಬಳಸಿದರೆ ಸಾಕಿತ್ತು. ಒಬ್ಬ ಜಮೀನುದಾರನ ಪಂಪ್‌ಸೆಟ್ ತಿರುಗಿದರೆ ಇಡೀ ಊರಿಗೆ ಬೆಳಕು ಬಂದಂತೆ. 1997ರಲ್ಲಿ ಜನವಸತಿಯ ಭಾಗದಲ್ಲಿ ಬಳಕೆಯಾಗಬೇಕು ಎಂದರು. 2004ರಲ್ಲಿ ಶಾಲೆ, ಪಂಚಾಯತ್ ಕಚೇರಿಯಂಥ ಸಾರ್ವಜನಿಕ ಸ್ಥಳಗಳ ಜತೆಗೆ ಶೇಕಡ 10ರಷ್ಟು ಮನೆಗಳಿಗಾದರೂ ಸಂಪರ್ಕವಿರಬೇಕು ಎಂದರು. 2018ರ ಏಪ್ರಿಲ್ 28ರಂದು ಮಣಿಪುರದ ಲೀಸಾಂಗ್ ಗ್ರಾಮಕ್ಕೆ ವಿದ್ಯುತ್ ತಲುಪಿತು, ದೇಶದ ಎಲ್ಲ ಗ್ರಾಮಗಳೂ ವಿದ್ಯುದೀಕರಣಗೊಂಡವು ಎಂದು ಘೋಷಣೆಯಾಯಿತು. ನಿಯಮದ ಪ್ರಕಾರ ಅದು ಸುಳ್ಳಲ್ಲ. ಹತ್ತರಲ್ಲಿ ಒಂಬತ್ತು ಮನೆ ಕತ್ತಲಲ್ಲಿದ್ದರೂ ಆ ನಿಯಮ ಸುಳ್ಳಾಗುತ್ತಿರಲಿಲ್ಲ. ಗ್ರಾಮಗಳ ಪಟ್ಟಿಯಲ್ಲಿ ಹೆಸರೇ ಇಲ್ಲದ ತಾಂಡಾದ ಕತ್ತಲೆಯಂತೂ ಯಾವ ಲೆಕ್ಕಕ್ಕೂ ಸಿಗುವಂಥದ್ದಲ್ಲ.

ಹೊರೆ ಯಾರಿಗೆ ಹಗುರ?

ಜನವಸತಿಯ ವ್ಯಾಖ್ಯೆಗೆ ತಲೆ ಕೆಡಿಸಿಕೊಂಡವರು ಇಂದಿನ ಅಧಿಕಾರಿಗಳು ಮಾತ್ರವಲ್ಲ. ಇಸ್ಲಾಮೀ ಧರ್ಮಶಾಸ್ತ್ರಜ್ಞರು ಶತಮಾನಗಳ ಹಿಂದೆಯೇ ಈ ಪ್ರಶ್ನೆಯನ್ನು ಎದುರಿಸಿದ್ದರು. ಜುಮಾ ನಮಾಝ್ ಎಲ್ಲಿ ನಡೆಯಬೇಕು? ಯಾರು ನಿವಾಸಿ, ಯಾರು ಪ್ರಯಾಣಿಕ? ಇವನ್ನು ತೀರ್ಮಾನಿಸಲು ಊರು ಎಂದರೇನು ಎಂದು ಹೇಳಲೇಬೇಕಾಗಿತ್ತು.

ನಮ್ಮ ಕರಾವಳಿಯ ಮುಸ್ಲಿಮರಲ್ಲಿ ಬಹುಪಾಲು ಜನ ಅನುಸರಿಸುವ ಶಾಫಿಈ ಪಂಥವು, ಕಾಯಂ ನೆಲೆಸಿದ ನಲವತ್ತು ಮಂದಿ ಪ್ರೌಢ ಪುರುಷರಿರುವ, ಮನೆ ಕಟ್ಟಿಕೊಂಡ ಜನವಸತಿ ಬೇಕು ಎಂದಿತು. ಒಳನಾಡಿನಲ್ಲಿ ಹೆಚ್ಚಾಗಿರುವ ಹನಫೀ ಪಂಥದ ವಿದ್ವಾಂಸರು ‘ಮಿಸ್ರ್’, ಅಂದರೆ ಪಟ್ಟಣ ಬೇಕು ಎಂದರು. ಪಟ್ಟಣ ಎಂದರೆ ಯಾವುದು ಎಂಬಲ್ಲಿ ಅವರಲ್ಲೇ ಹಲವು ಅಭಿಪ್ರಾಯಗಳಿದ್ದವು. ಆಡಳಿತಗಾರನೂ ನ್ಯಾಯಾಧೀಶನೂ ಇರುವ ಸ್ಥಳ ಎಂದರು ಕೆಲವರು. ಊರಿನ ಅತಿ ದೊಡ್ಡ ಮಸೀದಿಯಲ್ಲಿ ಊರವರೆಲ್ಲ ಸೇರಿದರೆ ಜಾಗ ಸಾಲದಾಗುವ ಸ್ಥಳ ಎಂದರು ಇನ್ನು ಕೆಲವರು. ಇಲ್ಲಿಯೂ ಸಂಖ್ಯೆಯಿದೆ, ಇಲ್ಲಿಯೂ ಗಂಡಸರ ಎಣಿಕೆಯೇ ಇದೆ, ಇಲ್ಲಿಯೂ ಗಡಿಯ ಆಚೆ ಉಳಿಯುವವರಿದ್ದಾರೆ. ಹಾಗಾದರೆ ಜನಗಣತಿಯ ವ್ಯಾಖ್ಯೆಗೂ ಇದಕ್ಕೂ ಏನು ವ್ಯತ್ಯಾಸ?

ಒಂದು ದೊಡ್ಡ ವ್ಯತ್ಯಾಸ ನಮಗೆ ಕಾಣುತ್ತದೆ. ಈ ಅಳತೆಗೆ ಸಿಗದ ಸಣ್ಣ ಹಳ್ಳಿಯ ಜನರಿಗೆ ಆದದ್ದೇನು? ತಮ್ಮ ಹಳ್ಳಿಯಲ್ಲಿ ಜುಮಾ ನಡೆಸುವ ಹೊಣೆ ಅವರ ಮೇಲೆ ಬೀಳಲಿಲ್ಲ. ಎಂದಿನ ಲುಹರ್ ನಮಾಝ್ ಮಾಡಿದರೆ ಸಾಕಾಯಿತು. ಪ್ರಯಾಣಿಕನಿಗೂ ನಮಾಝನ್ನು ಮೊಟಕುಗೊಳಿಸುವ, ಉಪವಾಸವನ್ನು ಮುಂದಕ್ಕೆ ಹಾಕುವ ರಿಯಾಯಿತಿ ಸಿಕ್ಕಿತು. ಅಂದರೆ, ವ್ಯಾಖ್ಯೆಯ ಹೊರಗೆ ಉಳಿದಾಗ ಜನರ ಹೆಗಲ ಹೊರೆ ಹಗುರಾಯಿತು.

ನಮ್ಮ ಕಾಲದ ವ್ಯಾಖ್ಯೆಗಳಲ್ಲಿ ಇದು ತಿರುಗುಮುರುಗಾಗಿದೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಬಯಲುಸೀಮೆಯಲ್ಲಿ 500, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿರುವ ವಸತಿಗಳಿಗೆ ರಸ್ತೆ ಎಂದಿತು. 240 ಜನರಿರುವ ಕಾಡಂಚಿನ ಹಾಡಿ ಈ ಅಳತೆಗೆ ಸಿಗದಿದ್ದರೆ ಹಗುರಾಗುವುದು ಯಾರ ಹೊರೆ? ಸರಕಾರದ್ದು. ಗರ್ಭಿಣಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ನಡೆಯುವ ಹೊರೆ ಹಾಡಿಯವರಿಗೇ ಉಳಿಯುತ್ತದೆ. ಯಾವುದೇ ವರ್ಗೀಕರಣವನ್ನು ತೂಗಿ ನೋಡಲು ಇದೊಂದು ಒಳ್ಳೆಯ ತಕ್ಕಡಿ ಎಂದು ನಾವು ಭಾವಿಸುತ್ತೇವೆ. ಗೆರೆಯ ಹೊರಗೆ ಉಳಿದವನ ಭಾರವನ್ನು ಅದು ಇಳಿಸುತ್ತದೆಯೋ, ಗೆರೆ ಎಳೆದವನ ಭಾರವನ್ನು ಇಳಿಸುತ್ತದೆಯೋ?

ಗುಡಾರವೂ ನೆಲೆಯೇ

ಅದೇ ರಸ್ತೆ ಯೋಜನೆಯ ಮಾರ್ಗಸೂಚಿಯಲ್ಲಿ ಜನವಸತಿ ಎಂದರೆ, ಕಾಲ ಸರಿದರೂ ಸ್ಥಳ ಬದಲಾಗದ ಜನಸಮೂಹದ ನೆಲೆ ಎಂದಿದೆ. ರಸ್ತೆ ಹಾಕುವವರಿಗೆ ಇಂಥ ಷರತ್ತು ಬೇಕಾಗಬಹುದು. ಆದರೆ ಸ್ಥಳ ಬದಲಾಯಿಸುವುದೇ ಬದುಕಾಗಿರುವವರ ಗತಿಯೇನು? ಸುಡುಗಾಡು ಸಿದ್ಧರು, ಸಿಳ್ಳೇಕ್ಯಾತರು, ದೊಂಬರು, ಕುರಿಮಂದೆಯೊಂದಿಗೆ ತಿಂಗಳುಗಟ್ಟಲೆ ನಡೆಯುವ ಕುರಿಗಾಹಿಗಳು, ಕಬ್ಬು ಕಡಿಯಲು ಹೋಗಿ ಗದ್ದೆಯ ಬದಿಯಲ್ಲಿ ಗುಡಿಸಲು ಹಾಕುವ ಕುಟುಂಬಗಳು?

ಹನ್ನೆರಡನೆಯ ಶತಮಾನದ ಹನಫೀ ವಿದ್ವಾಂಸ ಮರ್ಗೀನಾನಿಯವರ ‘ಹಿದಾಯಾ’ ಗ್ರಂಥದಲ್ಲಿ ಈ ಪ್ರಶ್ನೆ ಬಂದಿದೆ. ಗುಡಾರಗಳಲ್ಲಿ ವಾಸಿಸುತ್ತಾ ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ಹೋಗುವವರು ಪ್ರಯಾಣಿಕರೋ, ನಿವಾಸಿಗಳೋ? ಅವರು ನಿವಾಸಿಗಳೇ ಎಂಬ ಅಭಿಪ್ರಾಯವನ್ನೇ ಆ ಗ್ರಂಥ ಹೆಚ್ಚು ಸರಿಯಾದದ್ದೆಂದು ಎತ್ತಿಹಿಡಿಯುತ್ತದೆ. ಅದು ಕೊಡುವ ಕಾರಣ ಗಮನಿಸಬೇಕಾದದ್ದು. ನೆಲೆಸಿರುವುದು ಮನುಷ್ಯನ ಮೂಲ ಸ್ಥಿತಿ. ಒಂದು ಮೇವಿನ ನೆಲದಿಂದ ಇನ್ನೊಂದಕ್ಕೆ ಹೋದ ಮಾತ್ರಕ್ಕೆ ಆ ಸ್ಥಿತಿ ಅಳಿದುಹೋಗುವುದಿಲ್ಲ. ಬೇರೆ ಮಾತಿನಲ್ಲಿ ಹೇಳುವುದಾದರೆ, ಅಲೆಮಾರಿಯು ನೆಲೆ ಇಲ್ಲದವನಲ್ಲ. ಅವನ ನೆಲೆ ಅವನ ಜತೆಗೇ ನಡೆಯುತ್ತದೆ.

1377ರಲ್ಲಿ ‘ಮುಕದ್ದಿಮಾ’ ಬರೆದ ಇಬ್ನ್ ಖಲ್ದೂನ್ ಕೂಡ ಗುಡಾರದ ಬದುಕು ಮತ್ತು ಪಟ್ಟಣದ ಬದುಕು ಎರಡನ್ನೂ ‘ಉಮ್ರಾನ್’ ಎಂಬ ಒಂದೇ ಮಾತಿನ ಅಡಿಯಲ್ಲಿ ಇಟ್ಟರು. ಎರಡೂ ಸಹಜ, ಮೊದಲನೆಯದು ಎರಡನೆಯದಕ್ಕಿಂತ ಹಿಂದಿನದು ಎಂದರು. ಉಮ್ರಾನ್ ಎಂದರೆ ಜನ ನೆಲೆಗೊಂಡು ಬಾಳುವುದು. ಕಟ್ಟಡಕ್ಕೆ ಹೇಳುವ ‘ಇಮಾರತು’, ಆಯುಷ್ಯಕ್ಕೆ ಹೇಳುವ ‘ಉಮ್ರ್’ ಇವೆಲ್ಲ ಒಂದೇ ಧಾತುವಿನಿಂದ ಹುಟ್ಟಿದವು. ಬಾಳುವುದು, ಕಟ್ಟುವುದು, ನೆಲೆಸುವುದು ಆ ಭಾಷೆಯಲ್ಲಿ ಒಂದೇ ಬೇರಿನ ಟಿಸಿಲುಗಳು.

ಹೀಗೆ ನೋಡಿದರೆ ನಮ್ಮ ಜನಗಣತಿಯಲ್ಲೂ ಒಂದು ಮನುಷ್ಯತ್ವದ ವ್ಯಾಖ್ಯೆ ಇದೆ. ‘ಕುಟುಂಬ’ ಎಂದರೆ ಸಾಮಾನ್ಯವಾಗಿ ಒಟ್ಟಿಗೆ ಬಾಳುತ್ತಾ ಒಂದೇ ಅಡುಗೆಯಲ್ಲಿ ಉಣ್ಣುವವರು. ರಕ್ತಸಂಬಂಧ ಬೇಕಿಲ್ಲ. ಸೂರು ಕೂಡ ಬೇಕಿಲ್ಲ. ಪಾದಚಾರಿ ಮಾರ್ಗದಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸುವವರೂ ‘ವಸತಿರಹಿತ ಕುಟುಂಬ’ವಾಗಿ ಎಣಿಕೆಗೆ ಸಿಗುತ್ತಾರೆ. 2011ರ ಫೆಬ್ರವರಿ 28ರ ರಾತ್ರಿ ಗಣತಿದಾರರು ಸೇತುವೆಯ ಕೆಳಗೆ, ನಿಲ್ದಾಣಗಳಲ್ಲಿ, ದೇವಸ್ಥಾನ ದರ್ಗಾಗಳ ಅಂಗಳದಲ್ಲಿ ಮಲಗಿದವರನ್ನು ಹುಡುಕಿ ಬರೆದುಕೊಂಡರು. ದೇಶದಲ್ಲಿ ಅಂಥವರು 17.7 ಲಕ್ಷ ಮಂದಿ ಎಂದಾಯಿತು. ಮನೆಯಿಲ್ಲದಿದ್ದರೂ ಒಲೆಯಿದೆ ಎಂದು ಒಪ್ಪಿದ ಲೆಕ್ಕವಿದು. ಕುಟುಂಬದ ವಿಷಯದಲ್ಲಿ ಒಪ್ಪಿದ್ದನ್ನು ಊರಿನ ವಿಷಯದಲ್ಲಿ ಒಪ್ಪಲು ನಮಗೇಕೆ ಇಷ್ಟು ಕಷ್ಟ?

ಒಪ್ಪದಿದ್ದರೆ ಏನಾಗುತ್ತದೆಂದು ನಾವು ಕಂಡಿದ್ದೇವೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ತಗಡಿನ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶೀಯರು ಎಂಬ ಪುಕಾರು ಮೊದಲೇ ಹಬ್ಬಿತ್ತು. ಮನೆ ಕಳೆದುಕೊಂಡವರಲ್ಲಿ ಅಸ್ಸಾಮ್, ತ್ರಿಪುರಾದವರ ಜತೆ ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಆ ತೆರವು ಕಾನೂನಿನ ಕ್ರಮದಂತೆ ನಡೆದಿಲ್ಲವೆಂದು ಕರ್ನಾಟಕ ಹೈಕೋರ್ಟು ಮೇಲ್ನೋಟಕ್ಕೇ ಕಂಡುಕೊಂಡಿತು. ಅಗ್ರಹಾರ ಎಂದರೆ ಒಂದು ಕಾಲದಲ್ಲಿ ಅರಸರು ದಾನಪತ್ರ ಬರೆಸಿ ನೆಲೆಗೊಳಿಸಿದ ಊರು. ಪತ್ರವಿದ್ದವರ ನೆನಪು ಸ್ಥಳನಾಮದಲ್ಲಿ ಉಳಿಯುತ್ತದೆ. ಪತ್ರವಿಲ್ಲದವರು ಅದೇ ನೆಲದ ಮೇಲೆ ಒಂದು ಬೆಳಗಿನಲ್ಲಿ ಇಲ್ಲವಾಗುತ್ತಾರೆ.

ಊರೇ ಎಳೆದ ಗೆರೆ

ಹಾಗೆಂದು ಸರಕಾರ ಮಾತ್ರ ತಪ್ಪುಗಾರ, ಜನರು ತಾವೇ ಮಾಡಿಕೊಂಡ ವ್ಯಾಖ್ಯೆ ಯಾವಾಗಲೂ ಸರಿ ಎನ್ನುವಂತಿಲ್ಲ. ಕನ್ನಡದಲ್ಲಿ ‘ಊರು ಕೇರಿ’ ಎಂಬ ಜೋಡಿಪದವಿದೆ. ಊರೇ ಬೇರೆ, ಕೇರಿಯೇ ಬೇರೆ. ಊರಿನ ಹೊಲ ಉತ್ತವರು, ಸತ್ತ ದನ ಎತ್ತಿದವರು, ತಮಟೆ ಬಾರಿಸಿದವರು ಊರಿನ ಲೆಕ್ಕಕ್ಕೆ ಸೇರಲಿಲ್ಲ. ಕಂದಾಯದ ನಕ್ಷೆಯಲ್ಲಿ ಎರಡೂ ಒಂದೇ ಗ್ರಾಮ. ಗೆರೆ ಎಳೆದದ್ದು ನೆರೆಹೊರೆಯವರು. ಅಂಥ ಗೆರೆಯನ್ನು ಅಳಿಸಲು ತಹಸೀಲ್ದಾರರ ಆದೇಶ ಸಾಲದು.

ಹೊರಗೆ ತಳ್ಳಲ್ಪಟ್ಟವರೂ ತಮ್ಮೊಳಗೆ ಇನ್ನೊಂದು ‘ಹೊರಗೆ’ಯನ್ನು ಮಾಡಿಕೊಳ್ಳುತ್ತಾರೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣನ್ನು, ಬಾಣಂತಿಯನ್ನು ಹಟ್ಟಿಯಿಂದಾಚೆ ಇಡುವ ಪದ್ಧತಿ ಉಳಿದುಬಂದಿದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೀಗೆ ಹೊರಗಿನ ಗುಡಿಸಲಲ್ಲಿ ಮಳೆ ಚಳಿಗೆ ಸಿಕ್ಕಿದ ಬಾಣಂತಿಯ ಹಸುಗೂಸು ತೀರಿಕೊಂಡಿತು. ತಮ್ಮ ಹಟ್ಟಿಯನ್ನು ಊರೆಂದು ಒಪ್ಪಿ ಎಂದು ಸರಕಾರವನ್ನು ಕೇಳುವ ನ್ಯಾಯ ಅವರಿಗಿದೆ. ಹಟ್ಟಿಯ ಹೊರಗೆ ಕೂತ ತಾಯಿಯೂ ಅದೇ ನ್ಯಾಯವನ್ನು ಹಟ್ಟಿಯಿಂದ ಕೇಳುತ್ತಿದ್ದಾಳೆ. ನಮ್ಮ ಪಟ್ಟಣಗಳ ಮೊಹಲ್ಲಾಗಳೂ ಈ ಪ್ರಶ್ನೆಯಿಂದ ಹೊರತಲ್ಲ. ಬೇರೆ ಬಡಾವಣೆಗಳಲ್ಲಿ ತಮಗೆ ಬಾಡಿಗೆ ಮನೆ ಸಿಗುವುದಿಲ್ಲ ಎಂದು ನೊಂದುಕೊಳ್ಳುವ ಜನ, ತಮ್ಮ ಓಣಿಗೆ ಬಂದ ವಲಸೆ ಕೂಲಿಯವನನ್ನು, ಗುಜರಿ ಆಯುವವನನ್ನು ನೆರೆಯವನೆಂದು ಎಣಿಸುತ್ತಾರೆಯೇ ಎಂದು ಕೇಳಿಕೊಳ್ಳಬೇಕು.

ಎರಡು ಪ್ರಶ್ನೆಗಳನ್ನು ಬಿಡಿಸೋಣ

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ದೀಪ ಹಚ್ಚಿದಲ್ಲೆಲ್ಲ ಊರು ಎನ್ನುವುದಾದರೆ ಕೆರೆ ಅಂಗಳದಲ್ಲಿ, ಗೋಮಾಳದಲ್ಲಿ, ಕಾಡಿನಲ್ಲಿ ಯಾರು ಬೇಕಾದರೂ ದೀಪ ಹಚ್ಚಬಹುದಲ್ಲ? ಬಡವರ ಹೆಸರಿನಲ್ಲಿ ಉಳ್ಳವರು ಭೂಮಿ ನುಂಗುವುದಕ್ಕೆ ದಾರಿಯಾಗುವುದಿಲ್ಲವೆ? ಕೆರೆ, ಕಾಡು ಎಲ್ಲರ ಆಸ್ತಿ. ಅವುಗಳ ರಕ್ಷಣೆಯೂ ಬೇಡವೆ?

ಬೇಕು. ಆದರೆ ಎರಡು ಪ್ರಶ್ನೆಗಳು ಇಲ್ಲಿ ಕಲಸಿಹೋಗಿವೆ. ಇಲ್ಲಿ ಜನ ನೆಲೆಸಿದ್ದಾರೆಯೇ ಎಂಬುದು ಮೊದಲನೆಯದು. ಅವರು ಇಲ್ಲಿಯೇ ಇರಬೇಕೇ ಎಂಬುದು ಎರಡನೆಯದು. ಮೊದಲನೆಯದು ಕಣ್ಣು ತೆರೆದು ನೋಡಿ ಹೇಳಬೇಕಾದ ಸತ್ಯ. ಎರಡನೆಯದು ಚರ್ಚಿಸಿ ತೀರ್ಮಾನಿಸಬೇಕಾದ ನ್ಯಾಯ. ಎರಡನೆಯದಕ್ಕೆ ಬೇಕಾದ ಉತ್ತರ ಬರಲೆಂದು ಮೊದಲನೆಯದಕ್ಕೆ ಸುಳ್ಳು ಹೇಳುವುದೇ ನಮ್ಮ ಆಡಳಿತದ ಹಳೆಯ ರೋಗ. ಊರೇ ಇರಲಿಲ್ಲ ಎಂದು ಬರೆದುಬಿಟ್ಟರೆ ಊರನ್ನು ಎತ್ತಂಗಡಿ ಮಾಡಿದ ಪಾಪವೂ ಇಲ್ಲ, ಪರಿಹಾರದ ಖರ್ಚೂ ಇಲ್ಲ.

ಶರಾವತಿಯ ಕತೆ ಇದಕ್ಕೆ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ನಾಡಿಗೆ ವಿದ್ಯುತ್ ಬಂತು, ಹಿನ್ನೀರಿನ ಊರುಗಳ ದೀಪ ಆರಿತು. ಅಲ್ಲಿನ ಜನರನ್ನು ಶಿವಮೊಗ್ಗ ಜಿಲ್ಲೆಯ ಅರಣ್ಯ ಭೂಮಿಗಳಲ್ಲಿ ನೆಲೆಗೊಳಿಸಲಾಯಿತು. ಅರ್ಧ ಶತಮಾನ ಕಳೆದರೂ ಆ ನೆಲದ ಹಕ್ಕುಪತ್ರದ ಗೋಜಲು ಬಿಡಿಸಿಕೊಳ್ಳದೆ, 2022ರಲ್ಲೂ ಸಂತ್ರಸ್ತರು ಪಾದಯಾತ್ರೆ ಮಾಡಬೇಕಾಯಿತು. ಸರಕಾರವೇ ಕಳಿಸಿದ ಜಾಗದಲ್ಲಿ ಸರಕಾರದ ಕಾಗದವೇ ಅವರನ್ನು ಪೂರ್ತಿ ಒಪ್ಪಲಿಲ್ಲ.

ನಾಗರಹೊಳೆಯಲ್ಲಿ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರು ಬಾಳಿದ ಹಾಡಿ ಎಂದು ಹೇಳಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಗುಡಿಸಲು ಹಾಕಿದರು. ಅರಣ್ಯ ಇಲಾಖೆ ಒಪ್ಪಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಕಾಡಿನೊಳಗಿನ ಹಳೆಯ ವಸತಿಗಳನ್ನು, ಸರ್ವೆ ಆಗದ ಹಳ್ಳಿಗಳನ್ನು ಕಂದಾಯ ಗ್ರಾಮಗಳಾಗಿ ಮಾರ್ಪಡಿಸುವ ಹಕ್ಕನ್ನು ಹೆಸರಿಸಿ ಹೇಳುತ್ತದೆ. ಹುಲಿಗೂ ಜಾಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲೊಂದು ಹಾಡಿ ಇತ್ತೇ ಇಲ್ಲವೇ ಎಂಬುದನ್ನು ಹುಲಿಯ ಅಗತ್ಯ ತೀರ್ಮಾನಿಸಲಾರದು.

ಬರೆದುಕೊಳ್ಳುವ ಹೊಣೆ

ಸಂತೋಷದ ಸಂಗತಿಯೂ ಇದೆ. ಕರ್ನಾಟಕವು ತನ್ನ ಭೂಸುಧಾರಣಾ ಕಾಯ್ದೆಗೆ 38-ಎ ಕಲಮನ್ನು ಸೇರಿಸಿ, ದಾಖಲೆಯಿಲ್ಲದ ವಸತಿಗಳ ನಿವಾಸಿಗಳಿಗೆ ಅವರ ಮನೆಯ ಹಕ್ಕು ಕೊಡಲು ದಾರಿ ಮಾಡಿತು. ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್, ಕಾಲೊನಿ, ಮಜರೆ ಎಂದು ಜನರ ಬಾಯಿಯ ಪದಗಳೇ ಸರಕಾರದ ಆದೇಶಗಳಲ್ಲಿ ಬಂದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ವೇದಿಕೆ ಒಂದು ಪಕ್ಷದ್ದು ಒಮ್ಮೆ, ಇನ್ನೊಂದು ಪಕ್ಷದ್ದು ಇನ್ನೊಮ್ಮೆ. ಹಕ್ಕುಪತ್ರ ಕೈಗೆ ಬಂದವನಿಗೆ ಅದು ಮುಖ್ಯವಲ್ಲ. ತನ್ನ ವಿಳಾಸದಲ್ಲಿ ಬೇರೆ ಊರಿನ ಹೆಸರು ಬರೆಯಬೇಕಿಲ್ಲ, ಮನೆಯನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಕೇಳಬಹುದು, ನಾಳೆ ಯಾರಾದರೂ ಬಂದು ಏಳು ಎಂದರೆ ತೋರಿಸಲು ಕೈಯಲ್ಲೊಂದು ಕಾಗದವಿದೆ.

ವರ್ಗೀಕರಣವೇ ಬೇಡ ಎಂದು ನಾವು ಹೇಳುತ್ತಿಲ್ಲ. ಹಳ್ಳಿ ಯಾವುದು, ಪೇಟೆ ಯಾವುದು, ಎಲ್ಲಿ ಪಂಚಾಯತ್, ಎಲ್ಲಿ ಪುರಸಭೆ ಎಂದು ಅಂಕಿ ನೋಡಿ ವಿಂಗಡಿಸಲೇಬೇಕು. ಐದು ಸಾವಿರವೋ ಹತ್ತು ಸಾವಿರವೋ ಎಂಬಲ್ಲಿ ವಾದಕ್ಕೆ ಅವಕಾಶವಿದೆ. ಆದರೆ ಎಂಥ ಊರು ಎಂಬ ಪ್ರಶ್ನೆ ಏಳುವುದು ಊರು ಎಂದು ಒಪ್ಪಿದ ಮೇಲೆ. ಆ ಒಪ್ಪಿಗೆಗೆ ಯಾವ ಅಂಕಿಯನ್ನೂ ಷರತ್ತಾಗಿ ಇಡಬಾರದು. ಎಲ್ಲಿ ಜನರು ಒಲೆ ಹೂಡಿದ್ದಾರೋ, ಎಲ್ಲಿ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಓಗೊಡುತ್ತಾರೋ ಅದು ಮನುಷ್ಯರ ನೆಲೆ. ನಾಲ್ಕೇ ಗುಡಿಸಲಿದ್ದರೂ ಅದು ನೆಲೆ, ಆರು ತಿಂಗಳ ಬೀಡಾರವಾದರೂ ಅದು ನೆಲೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೆ ಹೋಗಿ, 2027ರ ಮಾರ್ಚ್ 1ನ್ನು ಎಣಿಕೆಯ ದಿನವೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಎಣಿಸುವವರು ಹೆಚ್ಚಾಗಿ ನಮ್ಮ ನಿಮ್ಮ ಊರಿನ ಶಾಲಾ ಮೇಷ್ಟ್ರುಗಳು, ಅಂಗನವಾಡಿ ಕಾರ್ಯಕರ್ತೆಯರು. ಕೈಯಲ್ಲಿರುವ ನಕ್ಷೆಯಲ್ಲಿ ಇಲ್ಲದ ತಾಣ ಅವರ ಕಣ್ಣು ತಪ್ಪುವುದು ಸುಲಭ. ನಮ್ಮ ಬಡಾವಣೆಯ ಹಿಂದಿನ ಖಾಲಿ ನಿವೇಶನದಲ್ಲಿರುವ ಟಾರ್ಪಾಲಿನ ಸಾಲು, ಇಟ್ಟಿಗೆ ಗೂಡಿನ ಪಕ್ಕದ ಬಿಡಾರ, ತೋಟದ ಲೈನುಮನೆ, ಸ್ಮಶಾನದ ಬದಿಯ ಗುಡಿಸಲು ಎಲ್ಲಿವೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ನಾವು. ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ, ‘ಇಲ್ಲಿಯೂ ಜನರಿದ್ದಾರೆ, ಬರೆದುಕೊಳ್ಳಿ’ ಎನ್ನಲು ನಮಗೆ ಯಾರ ಆದೇಶವೂ ಬೇಕಿಲ್ಲ.